ಸೊಸೆ ಬಸುರಿಯಾದರೆ ಬೆಕ್ಕನ್ನು ಚೀಲಕ್ಕೆ ಹಾಕಬೇಕೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮ್ಮ ಮನೆಗಳಲ್ಲಿ ಬೆಕ್ಕು ಓಡಾಡದ ಮನೆ ಕಡಿಮೆ. ರಾಗಿ, ಭತ್ತ, ಜೋಳದ ಮೂಟೆ ಇದ್ದಲ್ಲಿಗೆ ಇಲಿ ಬರ್ತದೆ, ಇಲಿ ಬಂದಲ್ಲಿಗೆ ಬೆಕ್ಕು ತಾನಾಗಿ ಬಂದು ಸೇರ್ತದೆ. ಯಾರೂ ದುಡ್ಡು ಕೊಟ್ಟು ತಂದದ್ದಲ್ಲ. ಮೀನು ತಂದ ದಿನ ಅಡುಗೆಮನೆ ಬಾಗಿಲಲ್ಲಿ ಕೂತಿರ್ತದೆ, ಉಳಿದ ದಿನ ಎಲ್ಲಿರ್ತದೋ ಕೇಳಿದವರಿಲ್ಲ.

ಆದರೆ ಮನೆಯಲ್ಲಿ ಮಗಳೋ ಸೊಸೆಯೋ ಬಸುರಿ ಅಂತ ಗೊತ್ತಾದ ಕೂಡಲೇ ಈ ಬೆಕ್ಕಿಗೆ ಕೇಡುಗಾಲ ಶುರು. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಧ್ವನಿ ಸಂದೇಶ, ‘ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಮಗು ಉಳಿಯುವುದಿಲ್ಲ’ ಅಂತ. ರಾತ್ರೋರಾತ್ರಿ ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟು ಬರ್ತಾರೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎರಡು ಸಲ ಗರ್ಭ ನಿಲ್ಲದ ಹೆಣ್ಣುಮಗಳ ರಕ್ತ ಪರೀಕ್ಷೆಯಲ್ಲಿ ‘ಟಾಕ್ಸೋಪ್ಲಾಸ್ಮಾ ಪಾಸಿಟಿವ್’ ಅಂತ ಬರ್ತದೆ. ಅಷ್ಟೇ ಸಾಕು. ‘ತವರು ಮನೆಯಲ್ಲಿ ಬೆಕ್ಕು ಮುದ್ದಿಸಿ ರೋಗ ಹೊತ್ತುಕೊಂಡು ಬಂದಿದ್ದಾಳೆ’ ಅಂತ ಅತ್ತೆ ಮನೆಯಲ್ಲಿ ಮಾತು. ಇಂಥ ಮಾತು ಹಿಡಿದುಕೊಂಡು, ಸಂಬಂಧವೇ ಮುರಿಯುವ ಹಂತಕ್ಕೆ ಬಂದು, ಮಸೀದಿ ಕಮಿಟಿಯ ಮುಂದೆ ಬಂದು ಕೂತವರನ್ನು ನಾವು ನೋಡಿದ್ದೇವೆ. ‘ಉಸ್ತಾದರೇ, ನೀವೇ ಹೇಳಿ’ ಅಂತಾರೆ. ಉಸ್ತಾದರು ಏನು ಹೇಳ್ತಾರೆ? ಡಾಕ್ಟರ ಹತ್ತಿರ ಹೋಗಿ ಅಂತ ಹೇಳಬಹುದು. ಆದರೆ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅಂತಲೂ ಮನೆಯವರಿಗೆ ಗೊತ್ತಿರಬೇಕಲ್ಲ. ಅದಕ್ಕಾಗಿ ಈ ವಾರ ಸ್ವಲ್ಪ ಉದ್ದದ ವಿಷಯ. ಹೆಸರು ಕೇಳಿ ಪುಟ ಮಡಚಬೇಡಿ, ನಮ್ಮ ಅಟ್ಟದ ಮೇಲಿನ ಇಲಿಯ ಕಥೆಯೂ ಇದರಲ್ಲಿದೆ.

ಟಾಕ್ಸೋಪ್ಲಾಸ್ಮಾ ಗೊಂಡೈ ಎಂಬುದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಮಲೇರಿಯಾ ಪರೋಪಜೀವಿಯ ದೂರದ ಸಂಬಂಧಿ, ಒಂದೇ ಕೋಶದ ಜೀವಿ. ಬೇರೆ ಪ್ರಾಣಿಯ ಕೋಶದ ಒಳಗೆ ಹೊಕ್ಕರೆ ಮಾತ್ರ ಇದು ಬೆಳೀತದೆ. 1908ರಲ್ಲಿ ಉತ್ತರ ಆಫ್ರಿಕದ ಟ್ಯುನಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಚಾರ್ಲ್ಸ್ ನಿಕೋಲ್ ಮತ್ತು ಲೂಯಿ ಮ್ಯಾನ್ಸೋ ಎಂಬವರು ‘ಗುಂಡಿ’ ಎಂಬ, ಇಲಿಯ ಬಳಗದ ಕಾಡುಪ್ರಾಣಿಯಲ್ಲಿ ಇದನ್ನು ಕಂಡರು. ಅದೇ ವರ್ಷ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಸ್ಪ್ಲೆಂಡೋರೆ ಎಂಬವರು ಮೊಲದಲ್ಲಿ ಕಂಡರು. ಆಕಾರ ಬಿಲ್ಲಿನ ಹಾಗೆ ಬಾಗಿದ್ದರಿಂದ ಗ್ರೀಕ್ ಭಾಷೆಯ ‘ಟಾಕ್ಸಾನ್’, ಅಂದರೆ ಬಿಲ್ಲು, ಹೆಸರಿಗೆ ಸೇರಿತು.

ಭೂಮಿ ಮೇಲಿನ ಜನರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರ ಮೈಯಲ್ಲಿ ಇದು ಇದೆ ಎಂಬುದು ತಜ್ಞರ ಅಂದಾಜು. ಬಹುತೇಕರಿಗೆ ಗೊತ್ತೇ ಇಲ್ಲ. ಕೆಲವರಿಗೆ ಜ್ವರ, ಕುತ್ತಿಗೆಯಲ್ಲಿ ಗಂಟು, ಮೈಕೈ ನೋವು, ಅಷ್ಟರಲ್ಲಿ ಮುಗೀತದೆ. ಆಮೇಲೆ ಅದು ಸ್ನಾಯು ಮತ್ತು ಮೆದುಳಿನಲ್ಲಿ ಸಣ್ಣ ಗೂಡು ಕಟ್ಟಿಕೊಂಡು ಜೀವಮಾನವಿಡೀ ಸುಮ್ಮನೆ ಮಲಗಿರ್ತದೆ. ಮೈಯ ರೋಗನಿರೋಧಕ ಶಕ್ತಿ ಕುಸಿದರೆ ಎದ್ದು ಕೂರ್ತದೆ. ಎಚ್‌ಐವಿ ಇರುವವರ ಮೆದುಳಿಗೆ ಬರುವ ಸೋಂಕುಗಳಲ್ಲಿ ಇದು ಮುಖ್ಯವಾದದ್ದು ಎಂಬುದು ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳ ವೈದ್ಯರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಬೆಕ್ಕಿನ ಪಾಲೇನು? ಈ ಜೀವಿ ಬಿಸಿರಕ್ತದ ಯಾವ ಪ್ರಾಣಿಯಲ್ಲೂ ಬದುಕ್ತದೆ. ಕುರಿ, ಆಡು, ಕೋಳಿ, ಹಂದಿ, ಮನುಷ್ಯ, ಇಲಿ. ಆದರೆ ಇದರ ಗಂಡು ಹೆಣ್ಣು ಕೂಡಿ ಸಂತಾನ ಆಗುವುದು ಬೆಕ್ಕಿನ ಕುಲದ ಕರುಳಿನಲ್ಲಿ ಮಾತ್ರ. 1970ರ ಹೊತ್ತಿಗೆ ಇದು ಖಚಿತವಾಯಿತು. ಅದನ್ನು ತೋರಿಸಿಕೊಟ್ಟವರಲ್ಲಿ ನಮ್ಮ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಪಶುವೈದ್ಯ ವಿಜ್ಞಾನಿ ಜಿತೇಂದ್ರ ದುಬೆ ಅವರೂ ಒಬ್ಬರು. ಯಾಕೆ ಬೆಕ್ಕೇ ಬೇಕು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಮಾತ್ರ 2019ರಲ್ಲಿ. ಬೇರೆ ಪ್ರಾಣಿಗಳ ಕರುಳಿನಲ್ಲಿ ಲಿನೊಲೆಯಿಕ್ ಆಮ್ಲ ಎಂಬ ಕೊಬ್ಬಿನ ಅಂಶವನ್ನು ಒಡೆಯುವ ಒಂದು ಕಿಣ್ವ ಇದೆ, ಬೆಕ್ಕಿನ ಕರುಳಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಬೆಕ್ಕಿನಲ್ಲಿ ಆ ಅಂಶ ಉಳೀತದೆ, ಪರೋಪಜೀವಿಗೆ ಅದೇ ಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಇಲಿಯಲ್ಲಿ ಆ ಕಿಣ್ವವನ್ನು ತಡೆದು, ಆ ಕೊಬ್ಬನ್ನು ತಿನ್ನಿಸಿದಾಗ ಇಲಿಯ ಕರುಳಿನಲ್ಲೂ ಅದರ ಸಂತಾನ ಆಯಿತು.

ಸೋಂಕಿತ ಇಲಿಯನ್ನು ತಿಂದ ಬೆಕ್ಕು ಒಂದರಿಂದ ಮೂರು ವಾರದವರೆಗೆ ಹಿಕ್ಕೆಯಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ಮೊಟ್ಟೆಗಳನ್ನು ಹೊರಹಾಕ್ತದೆ. ಸಾಮಾನ್ಯವಾಗಿ ಅದರ ಜೀವಮಾನದಲ್ಲಿ ಇದು ಒಮ್ಮೆ ಮಾತ್ರ. ಹಾಕಿದ ಮೊಟ್ಟೆಗೆ ಆ ಕ್ಷಣಕ್ಕೆ ಸೋಂಕಿಸುವ ಶಕ್ತಿ ಇಲ್ಲ. ಒಂದರಿಂದ ಐದು ದಿನ ಗಾಳಿ, ತೇವ ತಗುಲಿ ಮಾಗಬೇಕು. ಮಾಗಿದ ಮೇಲೆ ಒದ್ದೆ ಮಣ್ಣಿನಲ್ಲಿ ಒಂದು ವರ್ಷಕ್ಕೂ ಮೇಲೆ ಉಳಿಯಬಲ್ಲದು. ಕೂದಲಿನ ಮಾತು ಇಲ್ಲಿ ಎಲ್ಲೂ ಇಲ್ಲ, ಗಮನಿಸಿ. ಬೆಕ್ಕು ಮೈ ನೆಕ್ಕಿ ತೊಳೆದುಕೊಳ್ಳುವ ಪ್ರಾಣಿ, ಮೊಟ್ಟೆ ಮಾಗುವಷ್ಟು ದಿನ ಅದರ ಮೈ ಮೇಲೆ ಹಿಕ್ಕೆ ಇರುವುದಿಲ್ಲ.

ಒಂದೇ ಹೆಸರು, ಮೂರು ಗುಣ

ಈಗ ನಿಜವಾದ ಒಗಟಿಗೆ ಬರೋಣ. ಒಂದೇ ಜೀವಿ ಒಬ್ಬರಲ್ಲಿ ಜೀವಮಾನವಿಡೀ ಸುಮ್ಮನೆ ಮಲಗಿರ್ತದೆ, ಇನ್ನೊಬ್ಬರ ಕಣ್ಣು ತೆಗೀತದೆ, ಮತ್ತೊಬ್ಬರ ಹೊಟ್ಟೆಯ ಮಗುವನ್ನು ಮುಟ್ತದೆ. ಯಾಕೆ? ಅರ್ಧ ಉತ್ತರ ನಮ್ಮ ಮೈಯಲ್ಲಿದೆ, ಇನ್ನರ್ಧ ಆ ಜೀವಿಯ ತಳಿಯಲ್ಲಿದೆ. ರಾಗಿಯಲ್ಲಿ ತಳಿ ಇಲ್ಲವೇ? ನೋಡೋಕೆ ಒಂದೇ, ಒಂದು ಬೆಂಕಿರೋಗ ತಡೀತದೆ, ಇನ್ನೊಂದು ಮಲಗಿಬಿಡ್ತದೆ. ಹಾಗೇ ಇದು.

1939ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಆರು ವರ್ಷದ ಒಬ್ಬ ಹುಡುಗ ಮೆದುಳಿನ ಉರಿಯೂತದಿಂದ ತೀರಿಕೊಂಡ. ಅವನ ಮೆದುಳಿನಿಂದ ಈ ಜೀವಿಯನ್ನು ಬೇರ್ಪಡಿಸಿದವರು ಆಲ್ಬರ್ಟ್ ಸೇಬಿನ್. ಹೌದು, ಮುಂದೆ ಬಾಯಿಗೆ ಹಾಕುವ ಪೋಲಿಯೊ ಹನಿ ಕಂಡುಹಿಡಿದ ಅದೇ ಸೇಬಿನ್. ಹುಡುಗನ ಹೆಸರಿನ ಮೊದಲಕ್ಷರಗಳಿಂದ ಆ ತಳಿಗೆ ‘ಆರ್‌ಎಚ್’ ಎಂದು ಹೆಸರಾಯಿತು. ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಅದೇ ತಳಿ ಬೆಳೀತಾ ಇದೆ. ಇನ್ನೊಂದು ಹೆಸರಾಂತ ತಳಿ ‘ಎಂಇ 49’ ಕ್ಯಾಲಿಫೋರ್ನಿಯಾದ ಒಂದು ಕುರಿಯ ಮಾಂಸದಿಂದ ಬಂದದ್ದು.

ಯುರೋಪ್, ಉತ್ತರ ಅಮೆರಿಕದಲ್ಲಿ ಸಿಗುವ ತಳಿಗಳನ್ನು 1995ರ ಹೊತ್ತಿಗೆ ಮೂರು ಗುಂಪು ಮಾಡಿದರು. ಆರ್‌ಎಚ್ ಒಂದನೇ ಗುಂಪು, ಎಂಇ 49 ಎರಡನೇ ಗುಂಪು. ಪ್ರಯೋಗಾಲಯದ ಇಲಿಗೆ ಒಂದನೇ ಗುಂಪಿನ ಒಂದೇ ಒಂದು ಜೀವಿಯನ್ನು ಚುಚ್ಚಿದರೂ ಇಲಿ ಸಾಯ್ತದೆ. ಎರಡನೇ ಗುಂಪಿನದಾದರೆ ಸಾವಿರ ಲೆಕ್ಕದಲ್ಲಿ ಚುಚ್ಚಬೇಕು. ಮೂರನೇ ಗುಂಪಿನದು ಲಕ್ಷ ಚುಚ್ಚಿದರೂ ಇಲಿ ಬದುಕಿ ಓಡಾಡಿಕೊಂಡಿರಬಹುದು. ನೋಡಿ, ಮೂರರ ಡಿಎನ್‌ಎ ನಡುವೆ ಇರುವ ವ್ಯತ್ಯಾಸವೋ ನೂರರಲ್ಲಿ ಒಂದೆರಡು ಪಾಲು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಪರಿಣಾಮ ಹೇಗೆ?

ಇದನ್ನು ಹುಡುಕಿದ ರೀತಿ ಚೆನ್ನಾಗಿದೆ. ಸೌಮ್ಯ ತಳಿ ಮತ್ತು ಉಗ್ರ ತಳಿಯನ್ನು ‘ಮದುವೆ’ ಮಾಡಿಸಬೇಕು, ಮಕ್ಕಳಲ್ಲಿ ಯಾರಿಗೆ ಉಗ್ರ ಗುಣ ಬಂತು ಅಂತ ನೋಡಬೇಕು. ಆದರೆ ಈ ಮದುವೆ ನಡೆಯುವ ಛತ್ರ ಬೆಕ್ಕಿನ ಕರುಳು ಮಾತ್ರ. ಹಾಗಾಗಿ ಬೆಕ್ಕಿಗೆ ಎರಡೂ ತಳಿ ಒಟ್ಟಿಗೆ ತಿನ್ನಿಸಿ, ಹಿಕ್ಕೆಯಿಂದ ಮೊಟ್ಟೆ ಆರಿಸಿ, ಒಂದೊಂದನ್ನೂ ಬೆಳೆಸಿ, ಇಲಿಗೆ ಕೊಟ್ಟು ಪರೀಕ್ಷೆ ಮಾಡಿದರು. 2006ರಲ್ಲಿ ಅಮೆರಿಕದ ಎರಡು ತಂಡಗಳು, ಸ್ಟ್ಯಾನ್‌ಫರ್ಡ್‌ನವರು ಮತ್ತು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ‘ಸೈನ್ಸ್’ ಪತ್ರಿಕೆಯಲ್ಲಿ ಒಂದೇ ಹೆಸರನ್ನು ಬರೆದರು: ರಾಪ್ 18.

ರಾಪ್ 18 ಒಂದು ಪ್ರೋಟೀನ್. ಅದರ ಕೆಲಸ ಬೇರೆ ಪ್ರೋಟೀನಿನ ಮೇಲೆ ಫಾಸ್ಫೇಟ್ ಎಂಬ ಸಣ್ಣ ಚೀಟಿ ಅಂಟಿಸುವುದು. ಪಿರಿಯಾಪಟ್ಟಣ, ಹುಣಸೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹೊಗೆಸೊಪ್ಪಿನ ಹರಾಜಿನಲ್ಲಿ ಬೇಲ್‌ಗೆ ಚೀಟಿ ಬೀಳ್ತದಲ್ಲ, ಸೊಪ್ಪು ಅದೇ ಸೊಪ್ಪು, ಚೀಟಿ ಬಿದ್ದ ಮೇಲೆ ಅದರ ಹಣೆಬರಹವೇ ಬೇರೆ. ಮೈಯೊಳಗೆ ಪ್ರೋಟೀನುಗಳಿಗೂ ಹೀಗೇ. ಫಾಸ್ಫೇಟ್ ಚೀಟಿ ಬಿದ್ದರೆ ಕೆಲವು ಎಚ್ಚರ ಆಗ್ತವೆ, ಕೆಲವು ಮಲಗ್ತವೆ, ಕೆಲವು ಜಾಗ ಬಿಟ್ಟು ಹೋಗ್ತವೆ. ನಮ್ಮ ಕೋಶಗಳು ದಿನಾ ಸಾವಿರಾರು ಸಲ ಮಾಡುವ ಮಾಮೂಲಿ ವ್ಯವಹಾರ ಇದು. ಪರೋಪಜೀವಿ ಮಾಡುವುದೇನೆಂದರೆ, ನಮ್ಮ ಅಂಗಡಿಗೆ ನುಗ್ಗಿ ಅದರ ಕಳ್ಳ ಚೀಟಿ ಅಂಟಿಸುವುದು.

ಇಲಿಯ ಕೋಶದೊಳಗೆ ಈ ಜೀವಿ ಹೊಕ್ಕಾಗ ಸುತ್ತ ಒಂದು ಗುಳ್ಳೆ ಮಾಡಿಕೊಂಡು ಅದರೊಳಗೆ ಕೂರ್ತದೆ. ಇಲಿಯ ಮೈಯಲ್ಲಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಕೂಗು ಏಳ್ತದೆ. ಕೂಡಲೇ ಐಆರ್‌ಜಿ ಎಂಬ ಕಾವಲು ಪ್ರೋಟೀನುಗಳು ಸಾಲಾಗಿ ಬಂದು ಆ ಗುಳ್ಳೆಯನ್ನು ಮುತ್ತಿ, ಹರಿದುಹಾಕ್ತವೆ. ಒಳಗಿದ್ದವ ಸಾಯ್ತಾನೆ. ರಾಪ್ 18 ಬಂದು ಆ ಕಾವಲುಗಾರನ ಮೈಯ ಒಂದು ಆಯಕಟ್ಟಿನ ಜಾಗಕ್ಕೆ ಫಾಸ್ಫೇಟ್ ಅಂಟಿಸಿದರೆ ಅವನ ಕೈ ಕಟ್ಟಿದಂತೆ. ಗುಳ್ಳೆ ಹರಿಯುವುದಿಲ್ಲ.

2011ರ ಹೊತ್ತಿಗೆ ಎರಡನೇ ಪಾತ್ರಧಾರಿ ಹೊರಬಿತ್ತು, ರಾಪ್ 5. ಇದಕ್ಕೆ ಚೀಟಿ ಅಂಟಿಸುವ ಶಕ್ತಿ ಇಲ್ಲ, ನೋಡೋಕೆ ಮಾತ್ರ ಅಂಟಿಸುವವನ ಹಾಗೆ ಇದೆ. ಇದರ ಕೆಲಸ ಕಾವಲುಗಾರನನ್ನು ಅಲುಗಾಡದಂತೆ ಹಿಡಿದುಕೊಳ್ಳುವುದು. ಒಬ್ಬ ಹಿಡೀತಾನೆ, ಇನ್ನೊಬ್ಬ ಅಂಟಿಸ್ತಾನೆ. ಈಗ ಮೂರು ಗುಂಪಿನ ಗುಟ್ಟು ಬಿಡಿಸಿಕೊಳ್ತದೆ. ಎರಡನೇ ಗುಂಪಿನಲ್ಲಿ ಅಂಟಿಸುವವ ಇದ್ದಾನೆ, ಹಿಡಿಯುವವ ದುರ್ಬಲ. ಮೂರನೇ ಗುಂಪಿನಲ್ಲಿ ಹಿಡಿಯುವವ ಗಟ್ಟಿ, ಅಂಟಿಸುವವ ಕೆಲಸಕ್ಕೇ ಬರುವುದಿಲ್ಲ. ಅಂದರೆ ಆ ತಳಿಯಲ್ಲಿ ರಾಪ್ 18 ತಯಾರಾಗುವುದೇ ತೀರಾ ಕಡಿಮೆ. ಒಂದನೇ ಗುಂಪಿನಲ್ಲಿ ಇಬ್ಬರೂ ಹಾಜರು. ಮೂರನೇ ಗುಂಪಿನ ಸಾಧು ಜೀವಿಗೆ ಬೇರೆ ತಳಿಯ ರಾಪ್ 18 ಒಂದನ್ನು ಸೇರಿಸಿದಾಗ ಅದು ಇಲಿಯನ್ನು ಕೊಲ್ಲುವ ಶಕ್ತಿ ಸಾವಿರಾರು ಪಟ್ಟು ಏರಿತು.

ಇನ್ನೊಂದು ಪ್ರೋಟೀನ್ ರಾಪ್ 16. ಅದೂ ಇಂಥದ್ದೇ ಚೀಟಿ ಅಂಟಿಸುವ ಜಾತಿ; ಕೋಶದ ಕೇಂದ್ರದಲ್ಲಿ ಕೂತು ರೋಗನಿರೋಧಕ ಆದೇಶಗಳನ್ನೇ ತಿರುಗಿಸಿ ಬರೀತದೆ. ಒಂದನೇ, ಮೂರನೇ ಗುಂಪಿನಲ್ಲಿ ಅದು ಚುರುಕು, ಎರಡನೇದರಲ್ಲಿ ಮಂದ. ಅದನ್ನು ಇಲ್ಲಿಗೆ ಬಿಡೋಣ.

ದಕ್ಷಿಣ ಭಾರತದ ಇಲಿ

ಈಗ ಒಂದು ಪ್ರಶ್ನೆ. ಇಲಿಯನ್ನು ವಾರದೊಳಗೆ ಕೊಂದುಹಾಕಿದರೆ ಆ ಉಗ್ರ ತಳಿಗೆ ಲಾಭವೇನು? ಗೂಡು ಕಟ್ಟುವುದಕ್ಕೂ ಸಮಯ ಸಿಗುವುದಿಲ್ಲ, ಬೆಕ್ಕು ಹಿಡಿದು ತಿನ್ನುವ ಮೊದಲೇ ಇಲಿ ಎಲ್ಲೋ ಸತ್ತು ಕೊಳೀತದೆ. ಬಾಡಿಗೆಗೆ ಬಂದವ ಮನೆಗೇ ಬೆಂಕಿ ಹಚ್ಚಿದ ಹಾಗೆ. ಇಂಥ ತಳಿ ಎಂದೋ ಅಳಿದು ಹೋಗಬೇಕಿತ್ತು. ಉಳಿದದ್ದು ಹೇಗೆ?

ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಹೊವಾರ್ಡ್ ಅವರ ತಂಡ ಇದಕ್ಕೆ ಉತ್ತರ ಹುಡುಕಿತು. ಅವರು ಹೇಳಿದ್ದು ಇಷ್ಟು: ಪ್ರಯೋಗಾಲಯದ ಬಿಳಿ ಇಲಿ ನೂರು ವರ್ಷದಿಂದ ಪೆಟ್ಟಿಗೆಯೊಳಗೆ ಸಾಕಿದ್ದು, ಅದನ್ನು ನೋಡಿ ಲೋಕದ ಇಲಿಗಳ ಬಗ್ಗೆ ತೀರ್ಮಾನ ಮಾಡಬಾರದು. ಏಷ್ಯಾ, ಯುರೋಪಿನ ಬೇರೆ ಬೇರೆ ಕಡೆ ಹಿಡಿದ ಕಾಡು ಇಲಿಗಳ ಸಂತತಿಯನ್ನು ಪರೀಕ್ಷಿಸಿದರು. 2013ರಲ್ಲಿ ‘ಇ-ಲೈಫ್’ ಪತ್ರಿಕೆಯಲ್ಲಿ ಬಂದ ಆ ಬರಹದ ನಾಯಕ ನಮ್ಮ ದಕ್ಷಿಣ ಭಾರತದಿಂದ ಹೋದ ಮನೆ ಇಲಿಯ ಒಂದು ವಂಶ; ‘ಸಿಐಎಂ’ ಅಂತ ಅದಕ್ಕೆ ಹೆಸರು. ಒಂದೇ ಒಂದು ಜೀವಿಯಿಂದ ಬಿಳಿ ಇಲಿಯನ್ನು ಕೊಲ್ಲುವ ಉಗ್ರ ತಳಿಯನ್ನು ಈ ಇಲಿಗೆ ಚುಚ್ಚಿದರು. ಅದು ಬದುಕಿತು. ಬದುಕಿದ್ದಲ್ಲದೆ, ಮೆದುಳಿನಲ್ಲಿ ಗೂಡು ಕಟ್ಟಲು ಪರೋಪಜೀವಿಗೂ ಅವಕಾಶ ಆಯಿತು.

ಗುಟ್ಟು ಏನು? ಈ ಇಲಿಯ ಕಾವಲು ಪ್ರೋಟೀನುಗಳಲ್ಲಿ ಒಂದು ವಿಶೇಷ ಜೋಡಿ ಪ್ರೋಟೀನ್ ಇದೆ. ಅದು ಮುಂದೆ ಹೋಗಿ ರಾಪ್ 5 ಎಂಬ ಆ ‘ಹಿಡಿಯುವವ’ನನ್ನೇ ತಬ್ಬಿ ಹಿಡಿದುಕೊಳ್ತದೆ. ಹಿಡಿಯುವವನ ಕೈ ತುಂಬಿದ ಮೇಲೆ ಉಳಿದ ಕಾವಲುಗಾರರು ಅಂಟಿಸುವವನಿಂದ ಪಾರು. ಗುಳ್ಳೆ ಹರೀತದೆ, ಉಗ್ರ ಜೀವಿಗಳ ದಂಡು ಕರಗಿ, ಉಳಿದ ಕೆಲವು ಸುಮ್ಮನೆ ಗೂಡು ಸೇರ್ತವೆ. ಅಂದರೆ ‘ಉಗ್ರ’ ಅನ್ನುವುದು ಆ ಜೀವಿಯ ಹಣೆಯಲ್ಲಿ ಬರೆದದ್ದಲ್ಲ. ಬಿಳಿ ಇಲಿಯ ಮುಂದೆ ಅದು ಉಗ್ರ, ನಮ್ಮ ಕಡೆಯ ಇಲಿಯ ಮುಂದೆ ಸರಿಜೋಡಿ. ಗಟ್ಟಿ ಇಲಿ ಇರುವ ಊರಲ್ಲಿ ಬದುಕಲು ಗಟ್ಟಿ ತಳಿಯೇ ಬೇಕು, ಹಾಗಾಗಿ ಅದು ಅಳಿಯದೆ ಉಳಿದಿದೆ ಎಂಬುದು ಅವರ ವಾದ. ನಮಗೆ ಇದು ಬಹಳ ಒಪ್ಪುವ ಮಾತು ಅನ್ನಿಸ್ತದೆ. ಅಟ್ಟದ ಇಲಿಗೆ ಬೋನು ಇಡುವಾಗ ಇದನ್ನು ನೆನಪಿಟ್ಟುಕೊಳ್ಳಿ ಅಂತ ಹೇಳುವುದಿಲ್ಲ. ಬೋನು ಇಡಲೇಬೇಕು, ರಾಗಿ ಉಳಿಯಬೇಕಲ್ಲ.

ಮನುಷ್ಯನ ವಿಷಯ ಬೇರೆ. ಇಲಿಯಲ್ಲಿರುವ ಆ ಐಆರ್‌ಜಿ ಕಾವಲು ಪಡೆ ನಮ್ಮಲ್ಲಿ ಇಲ್ಲ, ನಮ್ಮ ಕೋಶಗಳು ಬೇರೆ ಉಪಾಯಗಳಿಂದ ಕಾದಾಡ್ತವೆ. ಹಾಗಾಗಿ ಇಲಿಗೆ ಉಗ್ರವಾದ ತಳಿ ಮನುಷ್ಯನಿಗೂ ಅಷ್ಟೇ ಉಗ್ರ ಅಂತ ಲೆಕ್ಕ ಹಾಕುವ ಹಾಗಿಲ್ಲ. ಆದರೆ ತಳಿಯ ವ್ಯತ್ಯಾಸ ನಮಗೂ ತಟ್ತದೆ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ಕಾಡಿನಲ್ಲಿ ಬೇಟೆ ಮಾಂಸ ತಿಂದ, ಹೊಳೆ ನೀರು ಕುಡಿದ ಗಟ್ಟಿಮುಟ್ಟು ಜನರೇ ತೀವ್ರ ಜ್ವರ, ಶ್ವಾಸಕೋಶದ ತೊಂದರೆಯಿಂದ ಆಸ್ಪತ್ರೆ ಸೇರಿದ್ದಾರೆ. ಅಲ್ಲಿ ಸಿಕ್ಕಿದ್ದು ಈ ಮೂರು ಗುಂಪಿಗೂ ಸೇರದ ಕಾಡು ತಳಿಗಳು. ಬ್ರೆಜಿಲ್‌ನಲ್ಲಿ ಈ ಸೋಂಕಿನಿಂದ ಕಣ್ಣಿಗೆ ಆಗುವ ಹಾನಿ ಯುರೋಪಿಗಿಂತ ಬಹಳ ಹೆಚ್ಚು. ನಮ್ಮ ದೇಶದ ಹಿತ್ತಲ ನಾಟಿ ಕೋಳಿಗಳಿಂದ ಬೇರ್ಪಡಿಸಿ 2003ರಲ್ಲಿ ವರದಿಯಾದ ತಳಿಗಳು ಎರಡನೇ ಮತ್ತು ಮೂರನೇ ಗುಂಪಿನವು, ಇಲಿಯನ್ನು ಕೊಲ್ಲದ ಜಾತಿಯವು.

ಹಾಗೆಂದು ಹಗುರವಾಗಿ ತೆಗೆದುಕೊಳ್ಳುವ ಹಾಗೂ ಇಲ್ಲ. ಎಚ್.ಡಿ. ಕೋಟೆಯಿಂದ ಬಂಡೀಪುರ, ನೀಲಗಿರಿ ದಾಟಿದರೆ ಸಿಗುವ ಕೊಯಮತ್ತೂರಿನಲ್ಲಿ 2004–2005ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 250 ಜನ ಕಣ್ಣು ಮಂಜಾಯಿತು ಅಂತ ಆಸ್ಪತ್ರೆಗೆ ಬಂದರು. ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆಯ ವೈದ್ಯರು ನೋಡಿದಾಗ ಕಣ್ಣಿನ ಒಳಪದರದಲ್ಲಿ ಟಾಕ್ಸೋಪ್ಲಾಸ್ಮಾ ಗಾಯ. ಇವರೆಲ್ಲರ ಮನೆಯಲ್ಲೂ ಬೆಕ್ಕು ಇತ್ತೇ? ಶಂಕೆ ಬೆಕ್ಕು ಸಾಕಿದವರ ಮೇಲೆ ಹೋಗಲಿಲ್ಲ, ನಲ್ಲಿಯ ನೀರಿನ ಮೇಲೆ ಹೋಯಿತು. ಕೆನಡಾದ ವಿಕ್ಟೋರಿಯಾ ನಗರದಲ್ಲಿ 1995ರಲ್ಲಿ ಇಂಥದ್ದೇ ಆದಾಗಲೂ ಬೆರಳು ತೋರಿದ್ದು ಕುಡಿಯುವ ನೀರಿನ ಜಲಾಶಯದ ಕಡೆಗೆ. ಈ ಮೊಟ್ಟೆ ಕ್ಲೋರಿನ್‌ಗೆ ಸಾಯುವುದಿಲ್ಲ. ನೀರು ಕುದಿಸಿದರೆ ಸಾಯ್ತದೆ. ಬಾವಿ, ಕೆರೆ, ಕಾಲುವೆ ನೀರು ಬಳಸುವ ಮನೆಗಳು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ರಿಪೋರ್ಟ್ ಓದುವುದು ಹೇಗೆ?

ಈಗ ಆ ರಕ್ತ ಪರೀಕ್ಷೆಗೆ ಬರೋಣ, ಮನೆ ಮುರಿಯುವುದು ಅಲ್ಲಿಂದ ತಾನೇ. ‘ಟಾರ್ಚ್’ ಎಂಬ ಪರೀಕ್ಷೆಯಲ್ಲಿ ಟಾಕ್ಸೋಪ್ಲಾಸ್ಮಾ ಎದುರು ಎರಡು ಸಾಲು ಇರ್ತದೆ, ಐಜಿಜಿ ಮತ್ತು ಐಜಿಎಂ. ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್ ಅಂತ ಬಂದರೆ ಅರ್ಥ ಇಷ್ಟು: ಯಾವತ್ತೋ ಹಿಂದೆ ಸೋಂಕು ಬಂದು ಹೋಗಿದೆ, ಮೈ ಅದನ್ನು ಗುರುತು ಹಿಡಿದಿಟ್ಟುಕೊಂಡಿದೆ. ಬಸುರಿಗೆ ಇದು ಬಹುಮಟ್ಟಿಗೆ ಸಮಾಧಾನದ ಸುದ್ದಿ. ಮಗುವಿಗೆ ಅಪಾಯ ಇರುವುದು ತಾಯಿಗೆ ಜೀವನದಲ್ಲಿ ಮೊದಲ ಸಲ ಸೋಂಕು ಬಸಿರಿನ ಹೊತ್ತಿಗೇ ಬಂದರೆ. ಹಿಂದೆಯೇ ಬಂದು ಹೋಗಿದ್ದರೆ, ಅವಳ ರೋಗನಿರೋಧಕ ಶಕ್ತಿ ಕುಸಿದಿಲ್ಲದಿದ್ದರೆ, ಮಗುವಿಗೆ ಅದು ದಾಟುವುದು ಅಪರೂಪ. ಹಳೆಯ ಸೋಂಕು ಪ್ರತಿ ಬಸಿರನ್ನೂ ಕೆಡಿಸ್ತದೆ ಎಂಬ ಮಾತಿಗೆ ಆಧಾರ ಇಲ್ಲ. ‘ಪಾಸಿಟಿವ್’ ಎಂಬ ಒಂದು ಪದ ಹಿಡಿದು ಹೆಣ್ಣುಮಗಳ ಮೇಲೆ ಕೂಗಾಡುವವರು ಇದನ್ನು ಎರಡು ಸಲ ಓದಲಿ. ಅದೇ ಪರೀಕ್ಷೆ ಅತ್ತೆಗೂ ಮಾಡಿಸಿದರೆ ಪಾಸಿಟಿವ್ ಬರುವ ಸಾಧ್ಯತೆ ಸೊಸೆಗಿಂತ ಹೆಚ್ಚೇ ಇರ್ತದೆ. ವಯಸ್ಸು ಏರಿದ ಹಾಗೆ ಸೋಂಕು ತಗುಲಿದವರ ಪ್ರಮಾಣ ಏರ್ತದೆ.

ಐಜಿಎಂ ಪಾಸಿಟಿವ್ ಬಂದರೆ ಹೊಸ ಸೋಂಕು ಇರಬಹುದು. ಇರಬಹುದು ಅಷ್ಟೇ. ಐಜಿಎಂ ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷದ ಮೇಲೂ ಉಳೀತದೆ, ಒಮ್ಮೊಮ್ಮೆ ಸುಳ್ಳೂ ಹೇಳ್ತದೆ. ಆಗ ‘ಅವಿಡಿಟಿ’ ಎಂಬ ಇನ್ನೊಂದು ಪರೀಕ್ಷೆ ಮಾಡ್ತಾರೆ. ಅದು ಹೆಚ್ಚು ಅಂತ ಬಂದರೆ ಸೋಂಕು ಸುಮಾರು ನಾಲ್ಕು ತಿಂಗಳಿಗೂ ಹಳೆಯದು. ಬಸಿರು ಎರಡು ಮೂರು ತಿಂಗಳಿನದಾದರೆ ಸೋಂಕು ಬಸಿರಿಗೂ ಮೊದಲಿನದು ಅಂತಾಯಿತು. ಡಾಕ್ಟರ ಮುಂದೆ ಕೂತಾಗ ಈ ಪದ ಬಾಯಲ್ಲಿರಲಿ: ‘ಅವಿಡಿಟಿ ಮಾಡಿಸಬೇಕಾ, ಮೇಡಂ?’

ನಿಜವಾಗಿಯೂ ಹೊಸ ಸೋಂಕು ಅಂತಾದರೆ? ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿಗೆ ದಾಟುವ ಸಾಧ್ಯತೆ ಕಡಿಮೆ, ನೂರರಲ್ಲಿ ಹದಿನೈದಕ್ಕೂ ಒಳಗೆ. ಆದರೆ ದಾಟಿದರೆ ಮಗುವಿನ ಮೆದುಳು, ಕಣ್ಣಿಗೆ ಪೆಟ್ಟು ಜೋರು, ಗರ್ಭ ಬೀಳಲೂಬಹುದು. ಕೊನೆಯ ತಿಂಗಳುಗಳಲ್ಲಿ ದಾಟುವುದು ಹೆಚ್ಚು, ನೂರರಲ್ಲಿ ಅರವತ್ತರ ಮೇಲೆ, ಪೆಟ್ಟು ಸಾಮಾನ್ಯವಾಗಿ ಹಗುರ. ಹುಟ್ಟುವಾಗ ಚೆನ್ನಾಗಿದ್ದ ಮಗುವಿಗೆ ವರ್ಷಗಳ ಮೇಲೆ ಕಣ್ಣಿನ ತೊಂದರೆ ಕಾಣಿಸಿಕೊಳ್ಳುವುದೂ ಉಂಟು, ಹಾಗಾಗಿ ಕಣ್ಣಿನ ತಪಾಸಣೆ ಬಿಡಬಾರದು. ಇದಕ್ಕೆ ಮದ್ದು ಇದೆ. ಮೊದಲ ತಿಂಗಳುಗಳಲ್ಲಿ ಸ್ಪೈರಮೈಸಿನ್, ಮುಂದೆ ಅಗತ್ಯ ಬಿದ್ದರೆ ಪೈರಿಮೆಥಮಿನ್ ಮತ್ತು ಸಲ್ಫಡಯಜಿನ್ ಕೊಡ್ತಾರೆ. ಡಾಕ್ಟರು ನೋಡಿ ಕೊಡಬೇಕಾದ ಮದ್ದು ಇವು, ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ತರುವವಲ್ಲ. ಫ್ರಾನ್ಸ್‌ನಲ್ಲಿ 1978ರಿಂದ ಈ ಪರೀಕ್ಷೆ ಕಡ್ಡಾಯ ಮಾಡಿ, ಸೋಂಕು ತಗುಲದ ಗರ್ಭಿಣಿಯರ ಮೇಲೆ ಬಸಿರಿಡೀ ಕಣ್ಣಿಟ್ಟಿದ್ದಾರೆ.

ಅಡುಗೆಮನೆಯ ಲೆಕ್ಕ

ಬೆಕ್ಕನ್ನು ಚೀಲಕ್ಕೆ ಹಾಕಿದವರು ಅದೇ ದಿನ ಮಟನ್ ಕತ್ತರಿಸಿದ ಹಲಗೆಯ ಮೇಲೆ ಈರುಳ್ಳಿ, ಸೌತೆಕಾಯಿ ಕತ್ತರಿಸಿ ಕಚುಂಬರಿ ಮಾಡಿರ್ತಾರೆ. ನಮಗೆ ಕೋಪ ಬರುವುದು ಇಲ್ಲೇ. ಕುರಿ, ಆಡಿನ ಮಾಂಸದಲ್ಲಿ ಗೂಡು ಇರುವ ಸಾಧ್ಯತೆ ಸಾಕಷ್ಟಿದೆ. ಸುಮಾರು 67 ಡಿಗ್ರಿ ಶಾಖ ಮಾಂಸದ ಒಳಗಿನವರೆಗೆ ಮುಟ್ಟಿದರೆ ಗೂಡು ಸಾಯ್ತದೆ. ಕೊತಕೊತ ಕುದಿದ ಸಾರು, ಸುಕ್ಕ, ದಮ್ ಆದ ಬಿರಿಯಾನಿ, ಇವುಗಳಲ್ಲಿ ಭಯ ಇಲ್ಲ. ಭಯ ಇರುವುದು ಒಳಗೆ ಕೆಂಪಾಗಿ ಉಳಿದ ಕಬಾಬಿನಲ್ಲಿ, ಅರ್ಧ ಬೆಂದ ಲಿವರಿನಲ್ಲಿ, ಉಪ್ಪು ನೋಡಲು ಹಸಿ ಖೀಮಾ ನಾಲಿಗೆಗೆ ಮುಟ್ಟಿಸುವುದರಲ್ಲಿ, ತೊಳೆಯದ ಚಾಕು, ಹಲಗೆ, ಕೈಯಲ್ಲಿ. ಬಕ್ರೀದ್ ದಿನ ರಾಶಿ ಮಾಂಸ ಪಾಲು ಮಾಡುವ ಕೆಲಸ ಹೆಣ್ಣುಮಕ್ಕಳ ಮೇಲೆ ಬೀಳ್ತದೆ. ಬಸುರಿಯನ್ನು ಅವತ್ತು ಅಕ್ಕಿ ಪತ್ತಿರಿ ಮಾಡಲು ಕೂರಿಸಿ, ಮಾಂಸ ಗಂಡಸರೇ ಕತ್ತರಿಸಲಿ. ಫ್ರೀಜರಿನಲ್ಲಿ ಕೆಲವು ದಿನ ಗಟ್ಟಿಯಾಗಿ ಹೆಪ್ಪುಗಟ್ಟಿದ ಮಾಂಸದಲ್ಲಿ ಅಪಾಯ ಬಹಳ ಇಳೀತದೆ. ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಟ್ಟರೆ ಏನೂ ಆಗುವುದಿಲ್ಲ.

ಮಣ್ಣು ಎರಡನೆಯದು. ಕೊತ್ತಂಬರಿ, ಪುದಿನ, ಸೊಪ್ಪು, ಕ್ಯಾರೆಟ್, ಮೂಲಂಗಿ ಹಸಿಯಾಗಿ ತಿನ್ನುವುದಾದರೆ ಹರಿಯುವ ನೀರಿನಲ್ಲಿ ಮಣ್ಣು ಹೋಗುವವರೆಗೆ ತೊಳೆಯಬೇಕು. ಹಿತ್ತಲಲ್ಲಿ ಮೆಣಸಿನ ಸಸಿ ನೆಡುವ ಬಸುರಿ ಕೈಗವಸು ಹಾಕಲಿ, ಆಮೇಲೆ ಸೋಪು ಹಾಕಿ ಕೈ ತೊಳೆಯಲಿ. ಕುರಿ, ಆಡು ಸಾಕಿದ ಮನೆಗಳಲ್ಲಿ ಕಂದು ಹಾಕಿದ ಕುರಿಯ ಹತ್ತಿರ ಬಸುರಿಯರು ಹೋಗಬಾರದು, ಸತ್ತ ಮರಿ, ಮಾಸು ಮುಟ್ಟಬಾರದು. ಕುರಿ ಗರ್ಭಪಾತಕ್ಕೂ ಇದೇ ಜೀವಿ ಒಂದು ಕಾರಣ. ನ್ಯೂಜಿಲೆಂಡ್‌ನಲ್ಲಿ ಕುರಿಗಳಿಗೆ ಇದರ ಲಸಿಕೆಯೇ ಇದೆ. ಕುರಿಯ ಗರ್ಭಪಾತದಿಂದ ಬೇರ್ಪಡಿಸಿದ ‘ಎಸ್ 48’ ಎಂಬ ತಳಿಯನ್ನು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಇಲಿಯಿಂದ ಇಲಿಗೆ ದಾಟಿಸುತ್ತಾ ಹೋದಾಗ ಅದು ಗೂಡು ಕಟ್ಟುವುದನ್ನೇ ಮರೆಯಿತು. ಆ ಮರೆವಿನ ತಳಿಯನ್ನೇ ಕುರಿಗೆ ಚುಚ್ಚಿ ರಕ್ಷಣೆ ಕೊಡ್ತಾರೆ. ಮನುಷ್ಯರಿಗೆ ಇಂಥ ಲಸಿಕೆ ಇನ್ನೂ ಬಂದಿಲ್ಲ.

ಬೆಕ್ಕಿನ ವಿಷಯದಲ್ಲಿ ಮಾಡಬೇಕಾದ್ದು ಒಂದೇ. ಅದರ ಹಿಕ್ಕೆ ಬಸುರಿ ತೆಗೆಯಬಾರದು, ಮನೆಯ ಇನ್ನೊಬ್ಬರು ದಿನಾ ತೆಗೆಯಬೇಕು. ದಿನಾ ಯಾಕೆ ಅಂದರೆ ಮೊಟ್ಟೆ ಮಾಗಲು ಒಂದು ದಿನವಾದರೂ ಬೇಕು ಅಂತ ಮೇಲೆ ಹೇಳಿದೆವಲ್ಲ. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ, ಬೇಯಿಸಿ ಹಾಕಿ. ಮಕ್ಕಳು ಆಡುವ ಮರಳಿನ ರಾಶಿಯನ್ನು ಟಾರ್ಪಾಲಿನಿಂದ ಮುಚ್ಚಿ, ಮನೆ ಕಟ್ಟಿಸುತ್ತಿರುವವರು ಮುಖ್ಯವಾಗಿ. ಊರಿನ ಅಷ್ಟೂ ಬೆಕ್ಕುಗಳಿಗೆ ಆ ಮರಳೇ ಪಾಯಿಖಾನೆ.

ಫಿಖ್ಹ್‌ನ ಮಾತು ಕೇಳುವವರಿದ್ದಾರೆ, ಅದನ್ನೂ ಹೇಳಿಬಿಡೋಣ. ಬೆಕ್ಕು ಬಾಯಿ ಹಾಕಿದ ನೀರು ನಜಸ್ ಅಲ್ಲ, ಅದರ ಹಿಕ್ಕೆ ನಜಸ್. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಮದ್ರಸದ ಮಕ್ಕಳೂ ಕಲಿಯುವ ಪಾಠ ಇದು. ಬೆಕ್ಕಿನ ಮೈಯನ್ನಲ್ಲ, ಹಿಕ್ಕೆಯನ್ನು ದೂರ ಇಡಿ ಅಂತ ಡಾಕ್ಟರು ಹೇಳುವುದೂ ಅದನ್ನೇ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿನ ವಿಷಯ ಹದೀಸಿನಲ್ಲಿ ಬಂದಿರುವುದೂ ಎಲ್ಲರಿಗೂ ಗೊತ್ತು. ಹಾಲು ಕುಡಿಯುವ ಮರಿಗಳ ಸಮೇತ ತಾಯಿ ಬೆಕ್ಕನ್ನು ಚೀಲದಲ್ಲಿ ಕಟ್ಟಿ ನಾಗರಹೊಳೆ ರಸ್ತೆಯಲ್ಲಿ ಬಿಟ್ಟು ಬರುವವರು ಇದಕ್ಕೆ ಏನು ಉತ್ತರ ಕೊಡ್ತಾರೋ.

ಮಗಳ ಮದುವೆ ಗೊತ್ತು ಮಾಡಿದವರಿಗೆ ಒಂದು ಮಾತು. ಬಸಿರಿಗೂ ಮೊದಲೇ ಒಂದು ಸಲ ಐಜಿಜಿ ಪರೀಕ್ಷೆ ಮಾಡಿಸಿಟ್ಟರೆ ಮುಂದೆ ಬಹಳ ಗೊಂದಲ ತಪ್ತದೆ. ಆಗ ಪಾಸಿಟಿವ್ ಇದ್ದರೆ ಆ ಕಾಗದವನ್ನು ಜೋಪಾನ ಮಾಡಿ, ಬಸಿರಿನಲ್ಲಿ ಡಾಕ್ಟರಿಗೆ ತೋರಿಸಿ. ನೆಗೆಟಿವ್ ಇದ್ದರೆ ಹಸಿ ಮಾಂಸ, ಮಣ್ಣು, ಹಿಕ್ಕೆ, ಕುದಿಸದ ನೀರು, ಈ ನಾಲ್ಕರಿಂದ ಅವಳನ್ನು ಒಂಬತ್ತು ತಿಂಗಳು ಕಾಯಬೇಕಾದ್ದು ಮನೆಯವರೆಲ್ಲರ ಕೆಲಸ. ಹಿಕ್ಕೆ ತೆಗೆಯುವ ಮೊರ ಗಂಡನ ಕೈಗೆ ಕೊಡಿ.